ಸ್ಟಿಯರಿಂಗ್ ಕೈ ಬದಲಿಸಿದ ಶರತ್ಕಾಲ

ಮೊಸೆಲ್ ನದಿಯ ದಂಡೆ
20 ಸೆಪ್ಟೆಂಬರ್ 1987

ಪ್ರೀತಿಯ ಹಿಲ್ಕಾ ಅಕ್ಕ,

ನೀನು ಗೇಟಿಗೆ ಒರಗಿ ನಿಂತು, "ಆ ತಗಡಿನ ಡಬ್ಬದಲ್ಲಿ ಮಲಗಿ ಎರಡೇ ದಿನಕ್ಕೆ ಸೊಂಟ ಹಿಡ್ಕೊಂಡು ವಾಪಸ್ ಬರ್ತೀರಿ, ನೋಡ್ತಿರು" ಎಂದಿದ್ದೆಯಲ್ಲ. ಒಂದು ವಾರವೇ ಆಯಿತು, ನಮ್ಮ ಸೊಂಟಗಳು ನೆಟ್ಟಗಿವೆ. ಸೊಟ್ಟಗಿರುವುದು ಐಲರ್ಟ್ ಮಾಡಿದ ಕಪಾಟಿನ ಬಾಗಿಲುಗಳು ಮಾತ್ರ. ಚಳಿಗಾಲವೆಲ್ಲ ಶೆಡ್ಡಿನಲ್ಲಿ ಕೂತು ಈ ಹಸಿರು ವ್ಯಾನಿನೊಳಗೆ ಮಂಚ, ಮೇಜು, ಒಲೆ ಎಲ್ಲ ಕೂರಿಸಿದನಲ್ಲ, ಒಂದು ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ. ತಿರುವಿನಲ್ಲಿ ತಟ್ಟೆಗಳು ನನ್ನ ತಲೆಯ ಮೇಲೆ ಬೀಳುತ್ತವೆ. ನಾನು ನಕ್ಕರೆ ಅವನಿಗೆ ಸಿಟ್ಟು.

ರೆಮ್ಮರ್ ಮತ್ತು ಅಲ್ಮೂತ್ ದಂಪತಿಯ ವ್ಯಾನು ಮುಂದೆ, ನಮ್ಮದು ಹಿಂದೆ. ನಮ್ಮ ಬಂದರಿನಲ್ಲಿ ರೆಮ್ಮರ್ ಪೈಲಟ್ ದೋಣಿ ಓಡಿಸುತ್ತಿದ್ದ, ಐಲರ್ಟ್ ಆ ದೋಣಿಯಿಂದ ಹಡಗಿಗೆ ಹತ್ತಿ ದಾರಿ ತೋರಿಸುತ್ತಿದ್ದ. ಇಲ್ಲಿಯೂ ಅದೇ ಸಂಪ್ರದಾಯ ಎಂದು ಇಬ್ಬರೂ ನಗುತ್ತಾರೆ. "ಸ್ವಲ್ಪ ಹೊತ್ತು ನಾನು ಓಡಿಸ್ಲಾ?" ಎಂದು ಒಮ್ಮೆ ಐಲರ್ಟ್‌ನನ್ನು ಕೇಳಿದೆ. "ಇದು ನಿನ್ನ ತರಕಾರಿ ತರೋ ಪುಟಾಣಿ ಕಾರಲ್ಲ ಗೇಸಾ, ಇದು ಹಡಗು" ಎಂದ. ಸರಿ ಕ್ಯಾಪ್ಟನ್ ಎಂದು ಸುಮ್ಮನಾದೆ.

ಇಲ್ಲಿ ದ್ರಾಕ್ಷಿ ಕೊಯ್ಲು ನಡೆದಿದೆ. ಇಳಿಜಾರಿನ ತುಂಬ ಬುಟ್ಟಿ ಹೊತ್ತ ಜನ. ಇನ್ನೂ ಹುದುಗುತ್ತಿರುವ ಹೊಸ ವೈನು, ಜೊತೆಗೆ ಈರುಳ್ಳಿ ಹಾಕಿ ಬೇಯಿಸಿದ ರೊಟ್ಟಿ. ನಿನ್ನೆ ಐಲರ್ಟ್ ಗ್ಲಾಸು ಬಿಟ್ಟು ಮೇಜುಬಟ್ಟೆಯ ಮೇಲೇ ವೈನು ಸುರಿದ. "ಕುಡಿಯೋಕೆ ಮುಂಚೆನೇ ಹೀಗಾದ್ರೆ ಆಮೇಲೇನಪ್ಪಾ ಗತಿ!" ಎಂದ ರೆಮ್ಮರ್. ನಕ್ಕೂ ನಕ್ಕೂ ಸಾಕಾಯಿತು.

ಇನ್ನೊಂದು ಸುದ್ದಿ, ನಿನಗೆ ಮಾತ್ರ. ಐಲರ್ಟ್ ಬದಲಾಗಿದ್ದಾನೆ. ಪತ್ರಿಕೆ ಮುಟ್ಟುವುದಿಲ್ಲ. "ನೀನೇ ಓದಿ ಹೇಳು, ನಿನ್ ಬಾಯಲ್ಲಿ ಕೇಳಿದ್ರೆ ಕೆಟ್ಟ ಸುದ್ದಿನೂ ಚೆನ್ನಾಗಿರತ್ತೆ" ಎನ್ನುತ್ತಾನೆ. ಊಟ ಮುಗಿಸಿ ವ್ಯಾನಿಗೆ ಮರಳುವಾಗ, ದಾರಿ ಮಬ್ಬಾಗುತ್ತಿದ್ದಂತೆ, ನನ್ನ ಕೈ ಹಿಡಿದುಕೊಳ್ಳುತ್ತಾನೆ. ಹೌದು, ನಮ್ಮ ಐಲರ್ಟೇ! ಮದುವೆಯ ದಿನ ಚರ್ಚಿನ ಬಾಗಿಲಲ್ಲೇ ಕೈ ಬಿಟ್ಟು ಮುಂದೆ ನಡೆದುಹೋದವನು.

ಕೊಲ್ಮಾರಿನ ಅಂಚೆ ಕಚೇರಿಯ ವಿಳಾಸಕ್ಕೆ ಬರಿ, ಅಲ್ಲಿ ಕೇಳಿ ಪಡೆಯುತ್ತೇನೆ.

ನಿನ್ನ,
ಗೇಸಾ

---

ಎಮ್ಡೆನ್
27 ಸೆಪ್ಟೆಂಬರ್ 1987

ಗೇಸಾ,

ಕಾಗದ ಬಂತು. ಟೀ ಕುಡಿಯುತ್ತ ಓದಿದೆ. ಮೊದಲ ಬಟ್ಟಲಿನಲ್ಲಿ ನಿನ್ನ ದ್ರಾಕ್ಷಿ, ಎರಡನೆಯದರಲ್ಲಿ ನಿನ್ನ ವೈನು. ಮೂರನೆಯದರಲ್ಲಿ ಐಲರ್ಟ್ ನಿನ್ನ ಕೈ ಹಿಡಿದದ್ದು ಓದಿ ಬಾಯಲ್ಲಿದ್ದ ಕಲ್ಲುಸಕ್ಕರೆ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನ ಹಣೆ ಮುಟ್ಟಿ ನೋಡು, ಜ್ವರವಿರಬಹುದು.

ತಮಾಷೆ ಬಿಡು. ನೀವು ಹೊರಡುವ ದಿನ ನಾನು ಕಟುವಾಗಿ ಮಾತಾಡಿದೆ. ಆ ರಾತ್ರಿಯೆಲ್ಲ ಅದೇ ಕೊರೆಯುತ್ತಿತ್ತು. ಬೆಸ್ಟಿಂಗ್ ತೀರಿಹೋದ ಮೇಲೆ ನನ್ನ ಭಾನುವಾರಗಳೆಲ್ಲ ನಿನ್ನ ಅಡಿಗೆಮನೆಯಲ್ಲೇ ಕಳೆದಿವೆ. ಆರು ವಾರ ಆ ಬಾಗಿಲು ಮುಚ್ಚಿರುತ್ತದೆ ಎಂದಾಗ ಸಿಟ್ಟು ಬಂತು. ಅದನ್ನು ನಿಮ್ಮ ಸೊಂಟದ ಮೇಲೆ ತೀರಿಸಿಕೊಂಡೆ. ಗಂಡ ಸತ್ತು ನಾಲ್ಕು ವರ್ಷವಾದರೂ ಮಕ್ಕಳ ಹಾಗೆ ಹಟ.

ಮನೆ ಕ್ಷೇಮ. ನಿನ್ನ ಸೇಬಿನ ಮರ ಈ ಸಲ ಕೊಂಬೆ ಮುರಿಯುವಷ್ಟು ಬಿಟ್ಟಿದೆ. ನಾಳೆ ಕೀಳುತ್ತೇನೆ. ಪಕ್ಕದ ಮನೆಯ ಒಕ್ಕೋ ಏಣಿ ಕೊಡುತ್ತೇನೆಂದಿದ್ದಾನೆ. ಏಣಿಯ ಜೊತೆ ತಾನೂ ಬರುತ್ತೇನೆಂದ. ಬೇಡ ಎಂದೆ. ಆ ಮನುಷ್ಯ ಮೀನಿಗೆ ಹೊಗೆ ಕೊಡುವ ಕೆಲಸ ಬಿಟ್ಟು ಹತ್ತು ವರ್ಷವಾದರೂ ಇನ್ನೂ ಅದೇ ವಾಸನೆ.

ಫೋನು ಮಾಡಬೇಡ. ಫೋನಿನಲ್ಲಿ ನೀನು ಅಳಲು ಶುರು ಮಾಡುತ್ತೀಯ, ಯಾಕೆಂದು ಹೇಳುವುದರೊಳಗೆ ನಾಣ್ಯ ಮುಗಿಯುತ್ತದೆ. ಕಾಗದವನ್ನೇ ಬರಿ. ಉದ್ದವಾಗಿ ಬರಿ.

ಹಿಲ್ಕಾ

---

ಕೊಲ್ಮಾರ್
3 ಅಕ್ಟೋಬರ್ 1987

ಅಕ್ಕ,

ನಿನ್ನ ಕಾಗದವನ್ನು ಅಂಚೆ ಕಚೇರಿಯ ಮೆಟ್ಟಿಲ ಮೇಲೆಯೇ ಕೂತು ಓದಿದೆ. ನಿನ್ನನ್ನು ಕ್ಷಮಿಸುವಂಥದ್ದು ಏನೂ ಇಲ್ಲ. ಈಗ ಅನಿಸುತ್ತಿದೆ, ನಾನು ನಿನ್ನ ಮಾತು ಕೇಳಿ ಮನೆಯಲ್ಲೇ ಇರಬೇಕಿತ್ತು.

ಹೇಗೆ ಬರೆಯಲಿ? ನೇರವಾಗಿಯೇ ಬರೆಯುತ್ತೇನೆ. ಐಲರ್ಟ್ ಮತ್ತು ಅಲ್ಮೂತ್ ನಡುವೆ ಏನೋ ಇದೆ.

ನಗಬೇಡ. ನಾನೂ ಮೊದಲು ನಕ್ಕಿದ್ದೆ. ಆದರೆ ಇಬ್ಬರೂ ಬೆಳಿಗ್ಗೆ ರೊಟ್ಟಿ ತರುವ ನೆಪದಲ್ಲಿ ಒಟ್ಟಿಗೆ ಹೋಗುತ್ತಾರೆ, ನಾನು ಬರುತ್ತೇನೆಂದರೆ "ನೀನು ಕಾಫಿ ಮಾಡು" ಎನ್ನುತ್ತಾನೆ. ಕ್ಯಾಂಪಿನ ಕಲ್ಲುಮೆಟ್ಟಿಲು ಇಳಿಯುವಾಗ ಅವಳು ಅವನ ತೋಳು ಹಿಡಿದಿರುತ್ತಾಳೆ. ನಾನು ಕಂಡರೆ ಬಿಟ್ಟುಬಿಡುತ್ತಾಳೆ. ಮೊನ್ನೆ ಸಂತೆಯಲ್ಲಿ ನಾನು ಎದುರಿನಿಂದ ಬರುತ್ತಿದ್ದೆ. ಕೈ ಎತ್ತಿ ಬೀಸಿದೆ. ನನ್ನ ಗಂಡ ನನ್ನ ಮುಖವನ್ನೇ ನೋಡುತ್ತ, ಪರಿಚಯವೇ ಇಲ್ಲದವನ ಹಾಗೆ ಪಕ್ಕದಲ್ಲಿ ಹಾದುಹೋದ! ಅಲ್ಮೂತ್ ಅವನ ಕಿವಿಯಲ್ಲಿ ಏನೋ ಹೇಳಿದಳು. ಆಮೇಲೆ ತಿರುಗಿ ನಿಂತು, "ಓ ಗೇಸಾ, ಏನೋ ಯೋಚ್ನೆ ಮಾಡ್ತಿದ್ದೆ" ಎಂದ.

ನಿನ್ನೆ ನಾನು ಪಾತ್ರೆ ತೊಳೆದು ಬರುವಾಗ ವ್ಯಾನಿನ ಹಿಂದೆ ಇಬ್ಬರ ಪಿಸುಮಾತು ಕೇಳಿಸಿತು.

"ಇವತ್ತೇ ಹೇಳ್ಬಿಡು ಐಲರ್ಟ್. ನನಗೆ ಅವಳ ಮುಖ ನೋಡೋಕಾಗ್ತಿಲ್ಲ."

"ಇಲ್ಲ. ಊರಿಗೆ ಹೋದ್ಮೇಲೆ. ಈ ಪ್ರಯಾಣ ಒಂದು ಹಾಳಾಗೋದು ಬೇಡ ಅವಳಿಗೆ."

"ರೆಮ್ಮರ್‌ಗೂ ಮುಚ್ಚಿಟ್ಟಿದೀನಿ. ಎಷ್ಟು ದಿನ ಅಂತ?"

"ಮಾತು ಕೊಟ್ಟಿದೀಯ."

ನಾನು ಪಾತ್ರೆಗಳನ್ನು ಜೋರಾಗಿ ಕುಕ್ಕಿದೆ. ಇಬ್ಬರೂ ಬೇರೆಬೇರೆ ಕಡೆಯಿಂದ ಹೊರಬಂದರು.

ಅವನೀಗ ಯಾವಾಗಲೂ ಸಿಡಿಮಿಡಿ. ಬೆಳಿಗ್ಗೆ ಎದ್ದಕೂಡಲೇ ಹೊರಡಬೇಕು, ಮಧ್ಯಾಹ್ನಕ್ಕೇ ನಿಲ್ಲಿಸಬೇಕು. "ಸಂಜೆವರೆಗೂ ಹೋಗೋಣ, ದಾರಿ ಚೆನ್ನಾಗಿದೆ" ಎಂದರೆ ಕೂಗಾಡುತ್ತಾನೆ. ಆ ಉಳಿದ ಹೊತ್ತೆಲ್ಲ ಅವಳ ಜೊತೆ ಮಾತು. ಹೇಳು ಅಕ್ಕ, ಅರವತ್ತು ದಾಟಿದ ಮೇಲೆ ಗಂಡಸರಿಗೆ ಹೀಗೂ ಆಗುತ್ತದೆಯೇ? ಕೈ ಹಿಡಿದದ್ದು, ಓದಿ ಹೇಳು ಎಂದದ್ದು ಎಲ್ಲ ಪಾಪಪ್ರಜ್ಞೆಯೇ?

ಮುಂದಿನ ಕಾಗದ ಲೊಕಾರ್ನೊದ ಅಂಚೆ ಕಚೇರಿಗೆ ಹಾಕು. ಘಟ್ಟದ ಆಚೆ.

ಗೇಸಾ

---

ಎಮ್ಡೆನ್
8 ಅಕ್ಟೋಬರ್ 1987

ಗೇಸಾ

ಟೈಪು ಮಾಡಲು ಕಲಿಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ ಓದಿಕೊ. ಎಲ್ಲ ಕ್ಷೇಮ. ಸೇಬು ಕಿತ್ತಾಯಿತು.

ನಿನ್ನ ಕಾಗದ ಎರಡು ಸಲ ಓದಿದೆ. ಅಲ್ಮೂತ್ ಮೇಲೆ ಅನುಮಾನ ಬಿಡು. ಅವಳು ಇಪ್ಪತ್ತು ವರ್ಷ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡಿದವಳು. ಮರೆತೆಯಾ?

ಬಾಗಿಲು ಸೊಟ್ಟ. ವೈನು ಮೇಜಿನ ಮೇಲೆ. ಪತ್ರಿಕೆ ಇಲ್ಲ. ಮಬ್ಬಾದರೆ ನಿನ್ನ ಕೈ. ಎದುರಿಗೆ ಹೆಂಡತಿ ಬಂದರೆ ಗುರುತಿಲ್ಲ.

ಐಲರ್ಟ್‌ಗೆ ಕಣ್ಣು ಕಾಣುತ್ತಿಲ್ಲ ಗೇಸಾ.

ಅವನನ್ನು ಘಟ್ಟ ಹತ್ತಲು ಬಿಡಬೇಡ.

ಹಿಲ್ಕಾ

---

ಬ್ರುನೆನ್, ಸರೋವರದ ದಂಡೆ
10 ಅಕ್ಟೋಬರ್ 1987

ಅಕ್ಕ,

ಲೊಕಾರ್ನೊ ತಲುಪುವವರೆಗೆ ನಿನ್ನ ಕಾಗದ ಸಿಗುವುದಿಲ್ಲ ಎಂದು ಗೊತ್ತಿದ್ದರೂ ಇಲ್ಲಿನ ಅಂಚೆ ಕಚೇರಿಯಲ್ಲಿ ಹೋಗಿ ಕೇಳಿದೆ. ಗಾಜಿನ ಹಿಂದಿದ್ದ ಹುಡುಗಿ ನನ್ನ ಮುಖ ನೋಡಿ ಎರಡನೇ ಸಲವೂ ಹುಡುಕಿದಳು.

ಮೂರು ದಿನ ಮಳೆ ಸುರಿದು ಇವತ್ತು ಬಿಟ್ಟಿದೆ. ಬೆಟ್ಟಗಳ ನೆತ್ತಿಯಲ್ಲಿ ಹೊಸ ಹಿಮ. ರೆಮ್ಮರ್‌ಗೆ ಮಗುವಿನ ಹುಮ್ಮಸ್ಸು: "ಸುರಂಗದೊಳಗೆ ಇಲಿ ಹಾಗೆ ತೂರ್ಕೊಂಡು ಹೋಗೋಕಾ ನಾವು ಬಂದಿದ್ದು? ಮೇಲೆ ಹಳೇ ದಾರಿಲಿ ಹೋಗೋಣ. ಇನ್ನೊಂದು ವಾರಕ್ಕೆ ಹಿಮ ಬಿದ್ದು ಮುಚ್ಬಿಡ್ತಾರೆ." ಅಲ್ಮೂತ್ ಮಾತ್ರ ಬೇಡವೇ ಬೇಡ ಎಂದು ಹಟ ಹಿಡಿದಳು. ಐಲರ್ಟ್ ಅವಳನ್ನು ದುರುಗುಟ್ಟಿ ನೋಡಿ, "ಮೇಲೇ ಹೋಗೋಣ" ಎಂದ. ಅವರಿಬ್ಬರಿಗೂ ಜಗಳವಾಗಿದೆಯೆಂದು ನನಗೆ ಒಳಗೊಳಗೇ ಖುಷಿಯಾಯಿತು. ಎಂಥ ಕೀಳು ಮನಸ್ಸು ನನ್ನದು ನೋಡು.

ನಾವು ಹೊರಟಿರುವ ದಕ್ಷಿಣದ ಸಮುದ್ರ ಕಾಣುವವರೆಗೆ ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಅಲ್ಲಿ ಕೇಳುತ್ತೇನೆ. ಹೌದೆಂದರೆ ರೈಲು ಹತ್ತಿ ನಿನ್ನ ಮನೆಗೆ ಬರುತ್ತೇನೆ.

ನಾಳೆ ಬೆಳಿಗ್ಗೆ ಹೊರಡುತ್ತೇವೆ.

ಗೇಸಾ

---

ಲೊಕಾರ್ನೊ
13 ಅಕ್ಟೋಬರ್ 1987

ನನ್ನ ಅಕ್ಕ,

ನಾವು ಬದುಕಿದ್ದೇವೆ. ನಾಲ್ವರೂ. ಅದನ್ನು ಮೊದಲು ಓದಿಕೊ.

ಬೆಳಿಗ್ಗೆಯೇ ಹೊರಟರೂ ರೆಮ್ಮರ್‌ನ ವ್ಯಾನಿನ ನೀರು ಕುದಿದು, ಅದು ಆರಲಿ ಎಂದು ಕಾದು, ಘಟ್ಟದ ನೆತ್ತಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ದಕ್ಷಿಣದ ಇಳಿಜಾರಿನಲ್ಲಿ ಹಳೆಯ ದಾರಿ ಕಲ್ಲು ಹಾಸಿದ್ದು. ಹಾವು ಸುತ್ತಿಕೊಂಡ ಹಾಗೆ ತಿರುವಿನ ಕೆಳಗೆ ತಿರುವು. ಅಂಚಿಗೆ ಮೊಳಕಾಲೆತ್ತರದ ಕಲ್ಲುಗಳು, ಅದರಾಚೆ ಗಾಳಿ. ರೆಮ್ಮರ್‌ನ ವ್ಯಾನಿನ ಬಿಳಿ ಹಿಂಬದಿಯನ್ನು ಬಿಡದೆ ಹಿಂಬಾಲಿಸುತ್ತ ಐಲರ್ಟ್ ಇಳಿಯುತ್ತಿದ್ದ. ದವಡೆ ಬಿಗಿದಿತ್ತು. ನಾನು ಕಿಟಕಿಯಾಚೆ ನೋಡುತ್ತ ಸಿಟ್ಟಿನಲ್ಲೇ ಕೂತಿದ್ದೆ.

ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ರೆಮ್ಮರ್ ಮರೆಯಾದ. ನಾವು ತಿರುವಿಗೆ ಬಂದೆವು. ಇಳಿಯುತ್ತಿದ್ದ ಸೂರ್ಯ ನೇರ ಗಾಜಿಗೆ ಬಡಿದ. ನಾನು ಕಣ್ಣು ಕಿರಿದು ಮಾಡಿದೆ. ದಾರಿ ಎಡಕ್ಕೆ ಹೊರಳಿತು. ನಮ್ಮ ವ್ಯಾನು ಹೊರಳಲಿಲ್ಲ.

"ಐಲರ್ಟ್! ಎಡಕ್ಕೆ! ಎಡಕ್ಕೆ!"

ಅವನು ಬ್ರೇಕು ತುಳಿದ. ಅಂಚಿನ ಕಲ್ಲಿಗೆ ಬಡಿದು ವ್ಯಾನು ನಿಂತಿತು. ಹಿಂದೆ ಕಪಾಟಿನ ಬಾಗಿಲುಗಳೆಲ್ಲ ತೆರೆದು ತಟ್ಟೆ ಲೋಟ ಧಡಧಡ ಉರುಳಿದವು. ನನ್ನ ಕಡೆಯ ಗಾಜಿನಿಂದ ಕೆಳಗೆ ನೋಡಿದರೆ ನೆಲವೇ ಕಾಣಲಿಲ್ಲ ಅಕ್ಕ. ಬಹಳ ಕೆಳಗೆ, ದಾರಿಯ ಮುಂದಿನ ಸುತ್ತಿನಲ್ಲಿ ರೆಮ್ಮರ್‌ನ ವ್ಯಾನು ಬೆಂಕಿಪೊಟ್ಟಣದ ಹಾಗೆ ಹೋಗುತ್ತಿತ್ತು.

ಐಲರ್ಟ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದೇ ಇದ್ದ.

"ಏನಾಯ್ತೋ? ತಿರುವು ಕಾಣ್ಲಿಲ್ವಾ?"

"ಕಾಣ್ಲಿಲ್ಲ."

"ಬಿಸಿಲಿಗಾ?"

"ಬಿಸಿಲಿದ್ರೆ ಏನೂ ಕಾಣಲ್ಲ. ಬಿಸಿಲಿಲ್ದಿದ್ರೆ ಅರ್ಧ ಕಾಣತ್ತೆ. ಎಲ್ಲಾ ಹಾಲಿನೊಳಗೆ ಅದ್ದಿದ ಹಾಗೆ." ಆಮೇಲೆ ಹೇಳಿದ, "ಹೋದ ಚಳಿಗಾಲದಿಂದ, ಗೇಸಾ. ಕೆಲಸ ಬಿಟ್ಟಿದ್ದೂ ಅದಕ್ಕೇ. ದಣಿವು ಗಿಣಿವು ಎಲ್ಲಾ ಸುಳ್ಳು. ಒಂದಿನ ಬಂದರಿನ ಬಾಯಲ್ಲಿ ಕೆಂಪು ದೀಪ ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ. ಕ್ಯಾಪ್ಟನ್ ಕೇಳೋವರೆಗೂ ಸುಮ್ನೆ ನಿಂತಿದ್ದೆ. ದೇವರ ದಯೆ, ಅವನು ನೋಡಿದ್ದ. ಮಾರನೇ ದಿನವೇ ಅರ್ಜಿ ಕೊಟ್ಟೆ."

"ಡಾಕ್ಟರ ಹತ್ರ ಯಾಕೆ ಹೋಗ್ಲಿಲ್ಲ?"

ಅವನು ತನ್ನ ಅಪ್ಪನ ಮಾತು ತೆಗೆದ. ಅವನ ಅಪ್ಪ ನಿನಗೆ ನೆನಪಿದ್ದಾರಲ್ಲ, ಕಣ್ಣು ಹೋದ ಮೇಲೆ ಹನ್ನೊಂದು ವರ್ಷ ಒಲೆಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದವರು, ಯಾರು ಬಂದರೂ "ಯಾರದು, ಯಾರದು" ಎಂದು ಕೇಳುತ್ತಿದ್ದವರು. "ಡಾಕ್ಟರು ಅದೇ ಅಂದುಬಿಟ್ರೆ ಕುರ್ಚಿಗೆ ಹೋಗಿ ಕೂರ್ಬೇಕಾಗಿತ್ತು. ಕೂರೋಕೆ ಮುಂಚೆ ಒಂದ್ಸಲ ನಿನಗೆ ಇದನ್ನೆಲ್ಲ ತೋರಿಸ್ಬೇಕು ಅಂತ. ನಾನು ಎಷ್ಟು ನೋಡಿದ್ರೆ ಅಷ್ಟು."

ಅಲ್ಮೂತ್‌ಗೆ ಗೊತ್ತಾದದ್ದು ಮೊಸೆಲ್ ದಂಡೆಯಲ್ಲಿ, ವೈನು ಚೆಲ್ಲಿದಾಗ. ನಾವು ನಗುತ್ತಿದ್ದರೆ ಅವಳೊಬ್ಬಳು ನಕ್ಕಿರಲಿಲ್ಲವಂತೆ. ಅವನು ಅವಳಿಂದ ಮಾತು ತೆಗೆದುಕೊಂಡಿದ್ದ.

ನನಗೆ ಏನಾಯಿತು ಗೊತ್ತೇ? ಮೊದಲು ಬಂದದ್ದು ಸಮಾಧಾನ. ಸಾವಿನಂಚಿನಲ್ಲಿ ಕೂತಿದ್ದೇನೆ, ಗಂಡನಿಗೆ ಕಣ್ಣಿಲ್ಲ, ನನಗೋ ಹಾಲು ಕುಡಿದಷ್ಟು ಸಮಾಧಾನ! ಅದರ ಬೆನ್ನಿಗೇ ಎಂಥ ಸಿಟ್ಟು ಬಂತೆಂದರೆ ಅವನ ಭುಜಕ್ಕೆ ಗುದ್ದಿದೆ. "ಹಾಗಾದ್ರೆ ಕೈ ಹಿಡ್ಕೊಂಡಿದ್ದು? ದಾರಿ ಕಾಣ್ದೆ ಹಿಡ್ಕೊಂಡಿದ್ದಾ? ನಾನೇನು ನಿನ್ ಕೋಲಾ?"

"ಮೊದಲನೇ ದಿನ ಕಾಣ್ದೆ ಹಿಡಿದೆ," ಎಂದ. "ಆಮೇಲೆ ಚೆನ್ನಾಗಿತ್ತು."

ಇಳಿ ಎಂದೆ. ನಾನು ಒಳಗಿನಿಂದಲೇ ಅವನ ಸೀಟಿಗೆ ಸರಿದೆ, ಅವನು ಗೋಡೆ ಹಿಡಿದ ಹಾಗೆ ವ್ಯಾನಿನ ಮೈ ಹಿಡಿದುಕೊಂಡು ಹಿಂದಿನ ಬಾಗಿಲಿಗೆ ಹೋಗಿ, ಒಳಗಿಂದ ನನ್ನ ಸೀಟಿಗೆ ಬಂದ. ನಾನು ಆ ಗಾತ್ರದ ವಾಹನ ಯಾವತ್ತೂ ಓಡಿಸಿರಲಿಲ್ಲ. ಹಿಂದಕ್ಕೆ ತೆಗೆಯುವಾಗ ಎಂಜಿನ್ ಎರಡು ಸಲ ಸತ್ತಿತು. ಅವನು ಕಣ್ಣು ಮುಚ್ಚಿಕೊಂಡು, ಎಂಜಿನ್ನಿನ ಸದ್ದು ಕೇಳುತ್ತ ಹೇಳಿಕೊಟ್ಟ: "ಈಗ ಕ್ಲಚ್ ಬಿಡು. ಮೆಲ್ಲಗೆ. ಎರಡನೇ ಗೇರಿನಲ್ಲೇ ಇರಲಿ, ಬ್ರೇಕ್ ಒತ್ತೇ ಹಿಡೀಬೇಡ, ಕಾಯತ್ತೆ. ಹಾಂ. ಹಾಗೇ." ಒಂದೊಂದೇ ತಿರುವು ಇಳಿದೆವು. ಕೆಳಗೆ ಆಯಿರೋಲೊ ಊರಿನ ಚರ್ಚಿನ ಪಕ್ಕ ರೆಮ್ಮರ್ ದಾರಿ ಮಧ್ಯೆ ನಿಂತು ಮೇಲೆ ನೋಡುತ್ತಿದ್ದ. ಓಡಿಸುವ ಸೀಟಿನಲ್ಲಿ ನನ್ನನ್ನು ಕಂಡು ಅವನ ಬಾಯಿಂದ ಪೈಪು ಬಿತ್ತು. ಅಲ್ಮೂತ್ ಮಾತ್ರ ಎಲ್ಲ ಅರ್ಥವಾದವಳ ಹಾಗೆ ಬಂದು ನನ್ನನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು. "ಹೊಡಿ ನನ್ನ, ಗೇಸಾ, ಹೊಡಿ" ಎಂದಳು. ಹೊಡೆಯುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ನಿನ್ನೆ ಇಲ್ಲಿಗೆ ಬಂದು ಅಂಚೆ ಕಚೇರಿಯಲ್ಲಿ ನಿನ್ನ ಕಾಗದ ಪಡೆದೆ. ನೀನು ಎಮ್ಡೆನ್ನಿನ ಅಡಿಗೆಮನೆಯಲ್ಲಿ ಕೂತು ಕಂಡದ್ದನ್ನು ನಾನು ಪಕ್ಕದ ಸೀಟಿನಲ್ಲಿ ಕೂತು ಕಾಣಲಿಲ್ಲ. ಐಲರ್ಟ್‌ಗೆ ಓದಿ ಹೇಳಿದೆ. "ಹಿಲ್ಕಾನ ಪೈಲಟ್ ಮಾಡ್ಬೇಕಿತ್ತು" ಎಂದ.

ನಾಳೆ ಇಲ್ಲಿನ ಕಣ್ಣಿನ ಡಾಕ್ಟರ ಬಳಿ ಹೋಗುತ್ತೇವೆ. ಕಳೆದ ರಾತ್ರಿ ಅವನು ನಿದ್ದೆ ಮಾಡಲಿಲ್ಲ.

ಒಂದು ಮಾತು. ನಿನ್ನ ಕಾಗದ ಎಷ್ಟು ಚಿಕ್ಕದು, ಎಷ್ಟು ಒಣ. ಕೈಬರಹವೂ ಇಲ್ಲ. ನನ್ನ ಮೇಲೆ ಇನ್ನೂ ಕೋಪವೇ? ನಿನಗೆ ಫೋನು ಮಾಡಿದೆ, ಮೂರು ಸಲ. ಯಾರೂ ಎತ್ತಲಿಲ್ಲ. ಉತ್ತರ ಇಲ್ಲಿಗೇ ಬರಿ, ಕಾಯುತ್ತೇವೆ.

ಗೇಸಾ

14ನೇ ತಾರೀಕು, ಮಧ್ಯಾಹ್ನ: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಅಪ್ಪನ ಕಾಯಿಲೆ ಅಲ್ಲ! ಪೊರೆ ಅಕ್ಕ, ಬರೀ ಪೊರೆ! ಎರಡೂ ಕಣ್ಣಿಗೆ. ಡಾಕ್ಟರಮ್ಮ ಅವನ ಕಣ್ಣಿಗೆ ದೀಪ ಬಿಟ್ಟು ನೋಡಿ, "ಒಳಗೆಲ್ಲ ಗಟ್ಟಿಯಾಗಿದೆ, ಕಿಟಕಿ ಗಾಜು ಮಾತ್ರ ಕೊಳೆಯಾಗಿದೆ. ಗಾಜು ಬದಲಾಯಿಸಿದರಾಯಿತು" ಎಂದರು. ಊರಿಗೆ ಹೋಗಿ ಮಾಡಿಸಿಕೊಳ್ಳಿ, ಅವಸರವಿಲ್ಲ, ಓಡಿಸುವುದು ಮಾತ್ರ ಬೇಡ ಎಂದರು. ಐಲರ್ಟ್ ಬೀದಿಗೆ ಬಂದು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಅವನ ಬೆನ್ನು ಅಲುಗುತ್ತಿತ್ತು. ನಾನು ಬಿಸಿ ಚೆಸ್ಟ್‌ನಟ್ ಬೀಜ ಮಾರುವವನ ಗಾಡಿಯನ್ನೇ ನೋಡುತ್ತ ನಿಂತೆ.

---

ಎಮ್ಡೆನ್
20 ಅಕ್ಟೋಬರ್ 1987

ನನ್ನ ಮುದ್ದಿನ ಗೇಸಾ,

ಇದು ಒಕ್ಕೋನ ಅಕ್ಷರ, ಮಾತು ನನ್ನದು. ಅವನು ಮಧ್ಯೆ ಏನಾದರೂ ಸೇರಿಸಿದರೆ ನನ್ನ ಹೊಣೆಯಲ್ಲ.

ನಿನ್ನ ಕಾಗದ ಅವನೇ ಓದಿ ಹೇಳಿದ, ಯಾಕೆಂದರೆ ನನ್ನ ಕನ್ನಡಕದಲ್ಲಿ ನೀರು ತುಂಬಿಕೊಂಡಿತ್ತು. "ಎಡಕ್ಕೆ, ಎಡಕ್ಕೆ" ಬಂದಾಗ ಅವನೂ ಎದ್ದು ನಿಂತ. ಪೊರೆ ಎಂಬ ಮಾತು ಬಂದಮೇಲೆ ಇಬ್ಬರೂ ಕೂತು, ಎಂದಿನ ಮೂರಕ್ಕೇ ನಿಲ್ಲದೆ, ನಾಲ್ಕನೇ ಬಟ್ಟಲು ಟೀ ಕುಡಿದೆವು.

ನಿನ್ನ ಮೇಲೆ ಕೋಪವೇ? ಹುಚ್ಚಿ. ನಿನ್ನ ಸೇಬಿನ ಮರದಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಇಪ್ಪತ್ತೆಂಟನೇ ತಾರೀಕು, ನಿನಗೆ ಕಾಗದ ಹಾಕಿದ ಮರುದಿನ. ಮೊಣಕೈವರೆಗೂ ಪ್ಲಾಸ್ಟರು. ಬೆಸ್ಟಿಂಗ್‌ನ ಹಳೆಯ ಟೈಪ್‌ರೈಟರ್ ಇಳಿಸಿ, ಎಡಗೈಯ ಒಂದೇ ಬೆರಳಲ್ಲಿ ಒಂದೊಂದೇ ಅಕ್ಷರ ಕುಟ್ಟಿದರೆ ಕಾಗದ ಒಣಗದೆ ಇನ್ನೇನಾಗುತ್ತದೆ? ಹೇಳಿದ್ದರೆ ನೀನು ಅಲ್ಲಿಂದಲೇ ವಾಪಸ್ ಬರುತ್ತಿದ್ದೆ. ಗೇಟಿನ ಬಳಿ ಅಷ್ಟೆಲ್ಲ ಆಡಿದ ಮೇಲೆ, ನಿನ್ನ ಪ್ರಯಾಣ ಕೆಡಿಸಿದವಳು ನಾನೇ ಆಗುವುದು ನನಗೆ ಬೇಡವಾಗಿತ್ತು. ನೀನು ಫೋನು ಮಾಡಿದಾಗ ಆಸ್ಪತ್ರೆಯಲ್ಲಿದ್ದೆ. ಮೂಳೆ ಸರಿಯಾಗಿ ಕೂಡಿಲ್ಲವೆಂದು ಮತ್ತೆ ಎಳೆದು ಕೂರಿಸಿದರು.

ಏನೇ ಆಗಲಿ, ಆ ಘಟ್ಟದ ವಿಷಯಕ್ಕೆ ನನಗೆ ನನ್ನ ಮೇಲೇ ಕೋಪ. ಕಾಗದ ಹಾಕುವ ಬದಲು ಎಲ್ಲೆಲ್ಲಿಗೋ ಫೋನು ಮಾಡಿಸಿ ನಿಮ್ಮನ್ನು ತಡೆಯಬಹುದಿತ್ತು. ನನ್ನ ಊಹೆ ಸುಳ್ಳಾದರೆ ಐಲರ್ಟ್ ಜನ್ಮವಿಡೀ ಮಾತು ಬಿಡುತ್ತಾನೆ ಎಂದು ಹಿಂಜರಿದೆ.

ಒಕ್ಕೋ ದಿನಾ ಬಂದು ಒಲೆ ಹಚ್ಚುತ್ತಾನೆ, ಆಲೂಗಡ್ಡೆ ಸುಲಿಯುತ್ತಾನೆ. ಕೆಟ್ಟದಾಗಿ ಸುಲಿಯುತ್ತಾನೆ. (ಸುಳ್ಳು. ತೆಳುವಾಗಿಯೇ ಸುಲಿಯುತ್ತೇನೆ. ಒಕ್ಕೋ.) ನೋಡಿದೆಯಾ?

ಓಲ್ಡನ್‌ಬುರ್ಗ್‌ನ ಕಣ್ಣಿನ ಆಸ್ಪತ್ರೆಗೆ ಅವನ ಕೈಲೇ ಫೋನು ಮಾಡಿಸಿದ್ದೇನೆ. ನವೆಂಬರ್ ಕೊನೆಗೆ ದಿನ ಕೊಟ್ಟಿದ್ದಾರೆ. ಅದಕ್ಕೆ ಮುಂಚೆ ಬರಬೇಡಿ. ಮುಂದೆ ಹೋಗಿ. ಸಮುದ್ರ ನೋಡಿಕೊಂಡೇ ಬನ್ನಿ. ನನ್ನ ಕೈ ಸೇಬಿಗೆ ಬಲಿಕೊಟ್ಟದ್ದಕ್ಕೆ ಅಷ್ಟಾದರೂ ಆಗಲಿ.

ಹಿಲ್ಕಾ

---

ಲೆರಿಚಿ
31 ಅಕ್ಟೋಬರ್ 1987

ಅಕ್ಕ,

ನಿನ್ನ ಪ್ಲಾಸ್ಟರಿನ ಸುದ್ದಿ ಓದಿ ಮೊದಲು ಅತ್ತೆ, ಆಮೇಲೆ ಒಕ್ಕೋನ ಕಂಸ ಓದಿ ನಕ್ಕೆ. ಕೈ ಮುರಿದವಳು ನನ್ನ ಗಂಡನ ಕಣ್ಣಿನ ಚಿಂತೆ ಮಾಡುತ್ತಿದ್ದೆಯಲ್ಲೇ! ನಾವೆಲ್ಲ ಎಂಥ ಜನ ಮಾರಾಯ್ತಿ. ಒಬ್ಬರಿಗೊಬ್ಬರು ನೋವಾಗದಿರಲಿ ಎಂದು ಬಾಯಿ ಮುಚ್ಚಿಕೊಂಡೇ ಒಬ್ಬರನ್ನೊಬ್ಬರು ಕೊಲ್ಲುವುದರಲ್ಲಿದ್ದೆವು.

ಸಮುದ್ರಕ್ಕೆ ಬಂದಿದ್ದೇವೆ. ಓಡಿಸಿಕೊಂಡು ಬಂದವಳು ನಾನು. ಪೋ ನದಿಯ ಬಯಲಿನಲ್ಲಿ ಮುಂದಿನ ಚಕ್ರವೂ ಕಾಣದಂಥ ಮಂಜು ಬಂತು. ಐಲರ್ಟ್ ಕಿಟಕಿ ಇಳಿಸಿ ಕಿವಿ ಹೊರಗಿಟ್ಟು ಕೂತ. "ಬಲಗಡೆ ಲಾರಿ ಬರ್ತಿದೆ, ಬಿಡು ಅವನನ್ನ. ಈಗ ಹೋಗು." ಮಂಜಿನಲ್ಲಿ ಎಲ್ಲರೂ ಕುರುಡರೇ, ಅವನೊಬ್ಬನಿಗೆ ಮಾತ್ರ ಮೂವತ್ತು ವರ್ಷದ ಅಭ್ಯಾಸ. ರೆಮ್ಮರ್ ತನ್ನ ವ್ಯಾನನ್ನು ನಮ್ಮ ಹಿಂದಕ್ಕೆ ಹಾಕಿಕೊಂಡ. ಕಾಫಿಗೆ ನಿಲ್ಲಿಸಿದಾಗ ಐಲರ್ಟ್ ಮೀಸೆಯಡಿಯಲ್ಲಿ ನಗುತ್ತ ಹೇಳಿದ: "ಜನಕ್ಕೆ ಗೊತ್ತಿಲ್ಲ ಗೇಸಾ, ಪೈಲಟ್ ಆದವನು ಚುಕ್ಕಾಣಿ ಮುಟ್ಟೋದೇ ಇಲ್ಲ. ಪಕ್ಕದಲ್ಲಿ ನಿಂತು ಹೇಳ್ತಾನೆ ಅಷ್ಟೆ. ಈ ವ್ಯಾನಿನಲ್ಲಿ ಇಷ್ಟು ದಿನ ನಾನು ತಪ್ಪು ಸೀಟಿನಲ್ಲಿ ಕೂತಿದ್ದೆ."

ಅವನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಕಾಣದ ಕಣ್ಣಿನಲ್ಲಿ ನನ್ನನ್ನು ಬೆಟ್ಟದ ಅಂಚಿಗೆ ಕರೆದೊಯ್ದನಲ್ಲ ಎಂದು ತಟ್ಟೆ ತೊಳೆಯುವಾಗೆಲ್ಲ ನೆನಪಾಗಿ ಮೈ ಉರಿಯುತ್ತದೆ. ಅವನೂ ಅದನ್ನು ತಿಳಿದು ತೆಪ್ಪಗಿರುತ್ತಾನೆ. ಅಲ್ಮೂತ್ ಜೊತೆ ನಾನೇ ರೊಟ್ಟಿ ತರಲು ಹೋಗುತ್ತೇನೆ. ನಾನು ಅವಳ ಬಗ್ಗೆ ಏನು ತಿಳಿದಿದ್ದೆ ಎಂದು ಮೊನ್ನೆ ಹೇಳಿಬಿಟ್ಟೆ. ಅವಳು ದಾರಿಯಲ್ಲೇ ನಿಂತು, ರೊಟ್ಟಿ ಎದೆಗವಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಐಲರ್ಟ್ ಜೊತೇನಾ? ಅವನ ಗೊರಕೆ ಎರಡು ವ್ಯಾನ್ ದಾಟಿ ನನಗೆ ಕೇಳ್ಸತ್ತೆ ಕಣೇ!" ಸ್ವಲ್ಪ ಬೇಸರವೇ ಆಯಿತು. ನನ್ನ ಗಂಡನನ್ನು ನೆನೆದು ಅಷ್ಟೊಂದು ನಗುವಂಥದ್ದೇನಿಲ್ಲ.

ನಮ್ಮ ಸಮುದ್ರದ ಹಾಗೆ ಇದು ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಐಲರ್ಟ್ ಕಾಲು ಮುಳುಗಿಸಿ ಬಹಳ ಹೊತ್ತು ಕಾದ. "ಸೋಮಾರಿ ಸಮುದ್ರ" ಎಂದು ಬೈದ. ಆಮೇಲೆ ಊಟದ ಹೊತ್ತಾದರೂ ಅಲ್ಲಿಂದ ಏಳಲಿಲ್ಲ.

ಮುಂದಿನ ವಾರ ಉತ್ತರಕ್ಕೆ ತಿರುಗುತ್ತೇವೆ. ಈ ಸಲ ಸುರಂಗದಲ್ಲಿ.

ಗೇಸಾ

---

ಓಲ್ಡನ್‌ಬುರ್ಗ್
27 ನವೆಂಬರ್ 1987

ಪ್ರೀತಿಯ ಅಕ್ಕ,

ಸಂಜೆ ಫೋನು ಮಾಡುತ್ತೇನೆ, ಆದರೆ ಇದನ್ನು ಫೋನಿನಲ್ಲಿ ಹೇಳಲು ಹೋದರೆ ನೀನು ಹೇಳಿದ ಹಾಗೆ ಬರೀ ಅಳುತ್ತೇನೆ.

ನಿನ್ನೆ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣು ವಸಂತಕ್ಕೆ. ಇವತ್ತು ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಒಳ್ಳೆಯ ರವಿಕೆ ಹಾಕಿಕೊಂಡಿದ್ದೆ, ತಲೆ ಬಾಚಿಕೊಂಡಿದ್ದೆ. ಮೊದಲು ನನ್ನನ್ನೇ ನೋಡುತ್ತಾನೆ, ಏನಾದರೂ ಹೇಳುತ್ತಾನೆ ಎಂದು ಕಾದಿದ್ದೆ, ಸುಳ್ಳೇಕೆ ಹೇಳಲಿ.

ಅವನು ಕಣ್ಣು ಬಿಟ್ಟ. ನನ್ನನ್ನು ನೋಡಿದ. "ಹಾಂ, ನೀನೇ" ಎಂದ, ಪಕ್ಕದ ಕೋಣೆಯಿಂದ ಬಂದವಳಿಗೆ ಹೇಳುವ ಹಾಗೆ. ಆಮೇಲೆ ಎದ್ದು, ನರ್ಸ್ ಬೇಡ ಬೇಡ ಎನ್ನುತ್ತಿದ್ದರೂ, ಕಿಟಕಿಯ ಬಳಿ ಹೋಗಿ ನಿಂತ.

ಮೂರನೇ ಮಹಡಿ. ಕೆಳಗೆ ಕಾರು ನಿಲ್ಲಿಸುವ ಅಂಗಳ. ಅವನು ಅಲ್ಲಿಂದಲೇ ಕಾರುಗಳ ನಂಬರು ಓದತೊಡಗಿದ. ಗಟ್ಟಿಯಾಗಿ, ಒಂದಾದ ಮೇಲೊಂದು. ಪಕ್ಕದ ಮಂಚದ ಮುದುಕರು, "ಯಾರ್ರೀ ಇವ್ರು, ಪೊಲೀಸಾ?" ಎಂದು ಕೇಳಿದರು. ಡಾಕ್ಟರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಇದ್ದಕ್ಕಿದ್ದಂತೆ ಐಲರ್ಟ್ ಓದುವುದನ್ನು ನಿಲ್ಲಿಸಿದ. ಹಣೆಯನ್ನು ಗಾಜಿಗೆ ಒತ್ತಿದ.

"ಗೇಸಾ. ಆ ಮೂಲೇಲಿರೋದು ನಮ್ ವ್ಯಾನಲ್ವಾ?"

"ಹೌದು."

"ಹಿಂದಿನ ಬಾಗಿಲು ಒಳಗೆ ಹೋಗಿದೆಯಲ್ಲ?"

ನಿನಗೂ ಹೇಳಿರಲಿಲ್ಲ ಅಕ್ಕ. ವಾಪಸ್ ಬರುವಾಗ ಫ್ರೈಬುರ್ಗ್‌ನಲ್ಲಿ ಹಿಂದಕ್ಕೆ ತೆಗೆಯುತ್ತ ಒಂದು ಕಲ್ಲುಕಂಬಕ್ಕೆ ಗುದ್ದಿದ್ದೆ. ಅವನು ಆಗ ಅಲ್ಮೂತ್ ಜೊತೆ ಕೇಕು ಕೊಳ್ಳಲು ಹೋಗಿದ್ದ. ರೆಮ್ಮರ್ ಸುತ್ತಿಗೆಯಿಂದ ತಟ್ಟಿ ಬಣ್ಣ ಬಳಿದುಕೊಟ್ಟ. ಆಮೇಲೆ ಅಲ್ಮೂತ್ ಸೇರಿ ಮೂವರೂ ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿದ್ದೆವು.

"ಅದಕ್ಕೆ ಬಳಿದಿರೋದು ಬೇರೆ ಹಸಿರು!" ಎಂದು ಕೂಗಿದ. "ಬಟಾಣಿ ಹಸಿರು! ಯಾವ ಕುರುಡ ಬಳಿದಿದ್ದು ಅದನ್ನ?"

ಈಗಲೂ ಬೈಯುತ್ತಲೇ ಇದ್ದಾನೆ. ಹಡಗನ್ನು ತರಕಾರಿ ಕಾರಿನ ಹಾಗೆ ಓಡಿಸಿದೆ ಎನ್ನುತ್ತಾನೆ, ಇನ್ನು ಮೇಲೆ ಕೀಲಿ ಕೈಗೆ ಕೊಡುವುದಿಲ್ಲ ಎನ್ನುತ್ತಾನೆ. ಕೀಲಿ ನನ್ನ ಚೀಲದಲ್ಲಿದೆ. ನಾನು ಇಲ್ಲಿ ಕುರ್ಚಿಯಲ್ಲಿ ಕೂತು ಈ ಕಾಗದ ಬರೆಯುತ್ತಿದ್ದೇನೆ. ಅವನ ಬೈಗುಳ ಎಷ್ಟು ಚೆನ್ನಾಗಿದೆ ಎಂದರೆ ಮುಗಿಯುವುದೇ ಬೇಡ ಅನಿಸುತ್ತಿದೆ.

ನಿನ್ನ,
ಗೇಸಾ